ಇಮ್ಮುಖಕ್ಕೆ ಹ ಬರುತ್ತಾ?

ಆಗಸ್ಟ್ 3
ಹಾಸ್ಟೆಲ್, ಎರಡನೇ ಮಹಡಿ

ಅಪ್ಪನಿಗೆ,

ಕಾಗದ ಬರೆದಿದ್ದಕ್ಕೆ ಮೊದಲು ಸಾರಿ ಕೇಳುತ್ತೇನೆ. ಲಕೋಟೆ ನೋಡಿದ ತಕ್ಷಣ ನಿಮಗೆ ಎದೆ ಧಸಕ್ ಅಂದಿರುತ್ತದೆ, ಗೊತ್ತು. ಏನೂ ಆಗಿಲ್ಲ. ಜ್ವರ ಇಲ್ಲ, ಎಲ್ಲೂ ಬಿದ್ದಿಲ್ಲ, ಕಾಲೇಜು ಬಿಟ್ಟು ಬರುತ್ತೇನೆ ಅಂತಲೂ ಹೇಳುತ್ತಿಲ್ಲ. ಸುಮ್ಮನೆ ಬರೆಯುತ್ತಿದ್ದೇನೆ. ಸುಮ್ಮನೆ ಬರೆಯುವ ಅಭ್ಯಾಸ ನಮ್ಮಿಬ್ಬರಿಗೂ ಇಲ್ಲ. ಅದಕ್ಕೇ ನಾಲ್ಕು ಹಾಳೆ ಹರಿದು ಹಾಕಿ ಇದು ಐದನೆಯದು.

ಫಸ್ಟ್ ಇಯರ್‌ನವರ ಫೋನೆಲ್ಲ ವಾರ್ಡನ್ ಮೇಡಂ ಬೀರುವಿನಲ್ಲಿರುತ್ತದೆ. ಭಾನುವಾರ ಒಂದು ಗಂಟೆ ಕೈಗೆ ಕೊಡುತ್ತಾರೆ. ಹೋದ ಭಾನುವಾರ ಇಟ್ಟ ಮೇಲೆ ಟೈಮ್ ನೋಡಿದೆ. ನಾವಿಬ್ಬರೂ ಮಾತಾಡಿದ್ದು ನಲವತ್ತೊಂದು ಸೆಕೆಂಡು. ಅದರಲ್ಲಿ ನಿಮ್ಮ ಕೆಮ್ಮೂ ಸೇರಿದೆ. "ಊಟ ಆಯ್ತಾ?" "ಆಯ್ತು, ನಿಮ್ಮದು?" "ಆಯ್ತು. ಸರಿ ಮತ್ತೆ." ಅಷ್ಟೇ. ನನ್ನ ರೂಮ್‌ಮೇಟ್ ತನ್ನಪ್ಪನ ಜೊತೆ ಇಡೀ ಒಂದು ಗಂಟೆ ಜಗಳ ಆಡುತ್ತಾಳೆ. ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ.

ಇಲ್ಲಿ ನನಗೆ ಎಲ್ಲದಕ್ಕೂ ಭಯ. ರೂಮಿನ ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುತ್ತೇನೆ, ಮೆಟ್ಟಿಲಿಳಿದು ಮತ್ತೆ ಹತ್ತಿ ಬಂದು ಎಳೆಯುತ್ತೇನೆ. ಫಾರ್ಮಸಿ ಲ್ಯಾಬಿನ ಸರ್ ದಿನಾ ಹೇಳುವುದು ಒಂದೇ ಮಾತು: ಬಾಟಲಿಯ ಲೇಬಲ್ ಮೂರು ಸಲ ಓದಬೇಕು. ತೆಗೆಯುವಾಗ, ಸುರಿಯುವಾಗ, ವಾಪಸ್ ಇಡುವಾಗ. ನಾನು ಆರು ಸಲ ಓದುತ್ತೇನೆ. ಕ್ಲಾಸಿನಲ್ಲಿ ಎಲ್ಲರೂ ಇಂಗ್ಲಿಷಿನಲ್ಲೇ ಡೌಟ್ ಕೇಳುತ್ತಾರೆ. ಅಷ್ಟು ವರ್ಷ ಹಾಸ್ಟೆಲ್ ಸ್ಕೂಲಿನಲ್ಲಿ ಓದಿ ನನಗೆ ಇಂಗ್ಲಿಷ್ ಬರುತ್ತೆ ಅಂದುಕೊಂಡಿದ್ದೆ. ಅರ್ಧ ಮಾತ್ರ ಬರುತ್ತದಂತೆ. ಕನ್ನಡವೂ ಅರ್ಧ. ಎರಡು ಅರ್ಧ ಸೇರಿದರೆ ಒಂದು ಆಗಬೇಕಲ್ಲ ಅಪ್ಪ, ಆಗುವುದಿಲ್ಲ.

ಕಿಟಕಿಯಿಂದ ಕೆಳಗಿನ ರಸ್ತೆ ಕಾಣಿಸುತ್ತದೆ. ಯಾರೋ ಹೊಸದಾಗಿ ಪಟ್ಟೆ ಬಳಿದಿದ್ದಾರೆ, ಸೊಟ್ಟಕ್ಕೆ. ಊರಿಗೆಲ್ಲ ಗೆರೆ ಮೇಸ್ತ್ರಿ ಆಗಿರುವ ನೀವು ನೋಡಿದ್ದರೆ ಅವರ ಕೈಯಿಂದ ಬ್ರಷ್ ಕಿತ್ತುಕೊಳ್ಳುತ್ತಿದ್ದಿರಿ ಅಂತ ಅಂದುಕೊಂಡೆ. ಒಬ್ಬಳೇ ನಕ್ಕೆ.

ನಿಮಗೆ ಆದರೆ ಎರಡು ಸಾಲು ಬರೆಯಿರಿ. ಅತ್ತೆ ಕೈಲಿ ಬರೆಸಬೇಡಿ, ನೀವೇ ಬರೆಯಿರಿ. ನನ್ನ ಹತ್ತಿರ ಈಗ ಕೆಂಪು ಪೆನ್ನು ಇಲ್ಲ.

ನಿಮ್ಮ ಮಗಳು

*

ಆಗಸ್ಟ್ 14
ಹೊಲಿಗೆ ಅಂಗಡಿಯಿಂದ

ಏನೇ ಪುಟ್ಟಿ,

ನೀನು ಬೇಡ ಅಂದರೂ ನಾನೇ ಬರೀತಿದೀನಿ. ಬೈಕೋ.

ನಿನ್ನ ಕಾಗದಾನ ಪೋಸ್ಟಿನವನು ನನ್ನ ಅಂಗಡಿಗೇ ತಂದುಕೊಟ್ಟ. ನಿಮ್ಮಪ್ಪ ಕೆಲಸ ಮುಗಿಸಿ ಬಂದು ಕೈ ತೊಳೆದ. ಟರ್ಪೆಂಟೈನ್ ಹಾಕಿ ಒಂದು ಸಲ, ಸೋಪು ಹಾಕಿ ಒಂದು ಸಲ. ಆಮೇಲೆ ಕನ್ನಡಕ ಹುಡುಕಿದ, ತಲೆ ಮೇಲೇ ಇತ್ತು. ಮೂರು ಸಲ ಓದಿದ. ಆಮೇಲೆ ನನ್ನ ಕೈಲಿ ಗಟ್ಟಿಯಾಗಿ ಓದಿಸಿದ, ನಾನೇನೋ ಒಂದು ಸಾಲು ನುಂಗಿಬಿಡ್ತೀನಿ ಅನ್ನೋ ಹಾಗೆ ಪಕ್ಕದಲ್ಲೇ ನಿಂತು. ನಲವತ್ತೊಂದು ಸೆಕೆಂಡು ಅನ್ನೋ ಕಡೆ ನಕ್ಕ. ಕೆಂಪು ಪೆನ್ನು ಅನ್ನೋ ಕಡೆ ನಗಲಿಲ್ಲ. ಈಗ ನಿನ್ನ ಕಾಗದ ಬ್ರಷ್ ಪೆಟ್ಟಿಗೇಲಿದೆ, ಕೆಳಗಿನ ಅರೇಲಿ, ಆ ಇನ್ನೊಂದು ಕಾಗದದ ಪಕ್ಕ.

ಇನ್ನೊಂದು ಯಾವುದು ಅಂತ ನಿನಗೆ ಗೊತ್ತು. ನಿಮ್ಮಮ್ಮ ತೀರಿಕೊಂಡ ವರ್ಷ ನಿನ್ನ ಹಾಸ್ಟೆಲ್ಲಿಗೆ ಬಿಟ್ಟು ಬಂದು ಅವನು ಬರೆದನಲ್ಲ, "ಆಸ್ಟೆಲಲ್ಲಿ ಉಷಾರಾಗಿರು, ಆಲು ಕುಡಿ" ಅಂತ. ನೀನು ಎಲ್ಲಾ ಕಡೆ ಕೆಂಪು ಇಂಕಲ್ಲಿ ಹ ಹಾಕಿ, ಪಕ್ಕದಲ್ಲಿ "ಎಲ್ಲರೂ ನಕ್ಕರು" ಅಂತ ಬರೆದು, ಹತ್ತಕ್ಕೆ ಮೂರು ಮಾರ್ಕ್ಸ್ ಕೊಟ್ಟು ವಾಪಸ್ ಕಳಿಸಿದೆ. ತಪ್ಪು ಅಂತ ಹೇಳ್ತಿಲ್ಲ ಕಣೇ, ಹತ್ತು ವರ್ಷದ ಕೂಸು, ಟೀಚರ್ ಆಟ ಆಡಿದೆ. ಆದರೆ ಎಂಟು ವರ್ಷ ಆಯ್ತು, ಅವನು ಪೆನ್ನು ಮುಟ್ಟಿಲ್ಲ. ಆಫೀಸಿನವರು ಚೀಟಿ ಕೊಟ್ಟರೆ ನೋಡ್ಕೊಂಡು ಇಡೀ ಊರಿಗೇ ಬೋರ್ಡ್ ಬರೀತಾನೆ. ಚೀಟಿ ಇಲ್ಲದೆ ಒಂದಕ್ಷರ ಬರೆಯಲ್ಲ.

ಮತ್ತೆ ಅದೇನೇ ಅಪ್ಪನಿಗೆ ನೀವು, ತಾವು? ಅವನೇನು ಬ್ಯಾಂಕ್ ಮ್ಯಾನೇಜರಾ? ಹಾಸ್ಟೆಲ್ಲಿಗೆ ಹೋಗೋ ಮುಂಚೆ "ಬಾರೋ ಅಪ್ಪ, ನೀನು ಇಲ್ಲಿ ಕೂತ್ಕೋ" ಅಂತಿದ್ದೆ. ಅವನಿಗೆ ಅದು ಕೇಳಿಸ್ತಾ ಇರುತ್ತೆ, ಹೇಳಲ್ಲ ಅಷ್ಟೆ.

ಈಗ ಇಲ್ಲಿನ ಸುದ್ದಿ. ನಮ್ಮ ಸೇತುವೆ ರಸ್ತೆ ಇನ್ನು ಮೇಲೆ ಎರಡೂ ಕಡೆಗೆ ಓಡುತ್ತಂತೆ! ಮಾರ್ಕೆಟ್ ಕಡೆ ಪೈಪ್ ಹಾಕೋಕೆ ಅಗೀತಾರಂತೆ, ಅದಕ್ಕೆ. ಇಪ್ಪತ್ತು ವರ್ಷದಿಂದ ನಮ್ಮ ಬಾಗಿಲಿಂದ ಸೇತುವೆಗೆ ಹೋಗಬಹುದಿತ್ತು, ಸೇತುವೆಯಿಂದ ನಮ್ಮ ಬಾಗಿಲಿಗೆ ಬರೋ ಹಾಗಿರಲಿಲ್ಲ, ಇಡೀ ಮಾರ್ಕೆಟ್ ಸುತ್ತಬೇಕಿತ್ತು. ಟೀ ಅಂಗಡಿಯವನು ಕೋಪ ಮಾಡ್ಕೊಂಡಿದಾನೆ. ಇಷ್ಟು ದಿನ ರಸ್ತೆ ದಾಟೋಕೆ ಕತ್ತು ಒಂದು ಕಡೆ ತಿರುಗಿಸಿದರೆ ಸಾಕಿತ್ತು, ಈಗ ಎರಡೂ ಕಡೆ ತಿರುಗಿಸಬೇಕು, ನನಗೆ ಮೊದಲೇ ಕತ್ತು ನೋವು ಅಂತಾನೆ.

ಹಳೇ "ಒಮ್ಮುಖ ಸಂಚಾರ" ಬೋರ್ಡ್ ಆರೂ ಅಳಿಸಿ ಹೊಸದು ಬರೆಯೋದು ನಿಮ್ಮಪ್ಪನ ಪಾಲಿಗೆ ಬಂದಿದೆ. ಈ ಸಲ ಎಂಜಿನಿಯರ್ ಚೀಟಿ ಕೊಟ್ಟಿಲ್ಲ, ಫೋನಲ್ಲೇ ಹೇಳಿಬಿಟ್ಟಿದಾರೆ, ಅದೇನೋ "ಮ್ಮುಖ ಸಂಚಾರ" ಅಂತ. ಆ "ಮ್ಮುಖ"ದ ಮುಂದೆ ಇರೋದು ಇ ನಾ, ಹಿ ನಾ ಅನ್ನೋದೇ ಪ್ರಶ್ನೆ. ಇವನ ಕಿವಿಗೆ ಇ ಅಂತ ಕೇಳಿಸಿತಂತೆ. "ನನ್ನ ಕಿವಿಗೆ ಹ ಯಾವತ್ತು ಕೇಳಿಸಿದೆ?" ಅಂತ ಅವನೇ ಅಂತಾನೆ. ಎಂಜಿನಿಯರ್‌ನ ಮತ್ತೆ ಕೇಳು ಅಂದ್ರೆ ಅವಮಾನವಂತೆ. ನನ್ನ ಕೇಳಿದ. ನನಗೆ ಕಾಜಾ, ಗುಂಡಿ ಗೊತ್ತು, ಕಾಗುಣಿತ ಯಾರಿಗೆ ಗೊತ್ತು ಅಂದೆ.

"ಪುಟ್ಟಿ ಬರೆದು ಕಳಿಸಲಿ" ಅಂದ. ಭಾನುವಾರ ಫೋನಲ್ಲಿ ಕೇಳೋ ಅಂದ್ರೆ, ಫೋನಲ್ಲಿ ಎರಡೂ ಒಂದೇ ಥರ ಕೇಳುತ್ತೆ, ಬರೆದೇ ಕಳಿಸಲಿ ಅಂದ. ನಿನ್ನ ಕಾಗದ ಬಂದ ಮೇಲೇ ಬ್ರಷ್ ಅದ್ದೋದು ಅಂತ ಕೂತಿದಾನೆ. ಬೇಗ ಹೇಳು.

ನಿನ್ನ ಅತ್ತೆ

*

ಆಗಸ್ಟ್ 20

ಅಪ್ಪ, ಅತ್ತೆ ಇಬ್ಬರಿಗೂ,

ನಾಳೆಯಿಂದ ಫಸ್ಟ್ ಇಂಟರ್ನಲ್ಸ್. ಮೆಸ್ಸಿನ ಕ್ಯೂನಲ್ಲಿ ನಿಂತು, ಗೋಡೆಗೆ ಹಾಳೆ ಒತ್ತಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ಕೋಳಿಕಾಲಾದರೆ ಸಾರಿ.

ಹ ಬರುತ್ತೆ ಅಪ್ಪ! ಹಕಾರಕ್ಕೆ ಗುಡಿಸು. ಹಿಮ್ಮುಖ. ಡೌಟೇ ಬೇಡ. ನಾನು ಆ ಪದ ಎಷ್ಟೋ ಸಲ ಓದಿದ್ದೇನೆ. ಇ ಅಂತ ಬರೆದರೆ ಅಂಥ ಪದವೇ ಇಲ್ಲ. ನಿಮ್ಮ ಕಿವಿಯನ್ನು ನಂಬಬೇಡಿ!

ರಸ್ತೆ ವಿಷಯ ಓದಿ ಕ್ಯೂನಲ್ಲೇ ಕುಣಿಯಬೇಕು ಅನ್ನಿಸಿತು. ನಿಮಗೆ ಯಾವತ್ತೂ ಹೇಳಿಲ್ಲ, ಚಿಕ್ಕವಳಾಗಿದ್ದಾಗ ನಾನು ನಮ್ಮ ರಸ್ತೆ ಇರುವುದೇ ಹೋಗುವುದಕ್ಕೆ ಅಂದುಕೊಂಡಿದ್ದೆ. ಹಾಸ್ಟೆಲ್ಲಿಗೆ ಹೊರಟರೆ ಆಟೋ ನಾಲ್ಕೇ ನಿಮಿಷಕ್ಕೆ ಸೇತುವೆ ಹತ್ತಿಬಿಡುತ್ತಿತ್ತು, ಅಳುವುದಕ್ಕೂ ಟೈಮ್ ಇರುತ್ತಿರಲಿಲ್ಲ. ರಜೆಗೆ ವಾಪಸ್ ಬಂದರೆ ಸೇತುವೆ ಮೇಲಿಂದ ನಮ್ಮ ಮನೆ ಕಾಣುತ್ತಿತ್ತು, ನೀವು ಬಾಗಿಲಲ್ಲಿ ನಿಂತಿರುವುದೂ ಕಾಣುತ್ತಿತ್ತು, ಆದರೆ ಆಟೋ ಮಾರ್ಕೆಟ್ ಕಡೆ ತಿರುಗಿಬಿಡುತ್ತಿತ್ತು. ಮನೆ ಮುಂದೆ ನೀವೇ ಬಳಿದ ಬಿಳಿ ಬಾಣ ಇತ್ತಲ್ಲ, ಸೇತುವೆ ಕಡೆಗೆ. ನಮ್ಮಪ್ಪನೇ ನನಗೆ ದಾರಿ ತೋರಿಸಿ ಕಳಿಸುತ್ತಾರೆ ಅಂತ ಕೋಪ ಬರುತ್ತಿತ್ತು.

ಈಗ ಆ ಬಾಣ ಅಳಿಸುತ್ತೀರಾ?

ಕ್ಯೂ ಮುಂದೆ ಹೋಯಿತು. ಹ ಬರುತ್ತೆ. ಮರೆಯಬೇಡಿ.

ನಿಮ್ಮ ಮಗಳು

*

ಸೆಪ್ಟೆಂಬರ್ 9

ಪುಟ್ಟಿ,

ಜಾಸ್ತಿ ಬರೆಯೋಕೆ ಪುರುಸೊತ್ತಿಲ್ಲ, ಹನ್ನೆರಡು ಯೂನಿಫಾರಂ ಹೊಲಿಯೋದಿದೆ.

ರಸ್ತೆ ಎರಡೂ ಕಡೆ ಓಡ್ತಿದೆ. ಮನೆ ಮುಂದಿನ ಬಾಣಕ್ಕೆ ಕಪ್ಪು ಬಳಿದು ಹೊಸದಾಗಿ ಎರಡು ಬಾಣ ಹಾಕಿದಾನೆ, ಒಂದು ಹೋಗೋದು, ಒಂದು ಬರೋದು. ಬೋರ್ಡಿಗೆಲ್ಲ ಗೋಣಿಚೀಲ ಸುತ್ತಿದಾರೆ, ಧೂಳು ಕೂರಬಾರದು ಅಂತ. ಅಪ್ಪನಿಗೆ ಈಗ ಬೋರ್ಡ್ ಕೆಲಸ ಇಲ್ಲ, ಫುಟ್‌ಪಾತ್ ಅಂಚಿಗೆ ಕಪ್ಪು-ಹಳದಿ ಬಳಿಯೋದು. ಒಳ್ಳೇದೇ ಆಯ್ತಂತೆ, ಏಣಿ ಹತ್ತೋ ಹಾಗಿಲ್ಲವಂತೆ. ಇಪ್ಪತ್ತು ವರ್ಷ ಏಣಿ ಮೇಲೇ ಇದ್ದವನು.

ನೀನು ಆರೋಗ್ಯ ನೋಡ್ಕೋ. ಈ ತಿಂಗಳು ಪೇಪರ್ ಗೀಪರ್ ಓದಬೇಡ, ಬರೀ ಕೆಟ್ಟ ಸುದ್ದಿ. ಪಾಠ ಓದು.

ಅತ್ತೆ

*

ಸೆಪ್ಟೆಂಬರ್ 17

ಅಪ್ಪ,

ಈ ಕಾಗದ ಹೇಗೆ ಶುರು ಮಾಡಬೇಕು ಗೊತ್ತಿಲ್ಲ.

ಕಾಮನ್ ರೂಮಿನ ಗೋಡೆಗೆ ಸೀನಿಯರ್ ಒಬ್ಬಳು ಪೇಪರಿನ ಒಂದು ಫೋಟೋ ಕತ್ತರಿಸಿ ಅಂಟಿಸಿದ್ದಾಳೆ. ನೀಲಿ ಬೋರ್ಡು. ಬಿಳಿ ಅಕ್ಷರದಲ್ಲಿ "ಹಿಮ್ಮುಖ ಸಂಚಾರ ರಸ್ತೆ." ಅದರ ಕೆಳಗೆ ಒಬ್ಬ ಆಟೋದವನು ಕತ್ತು ಹಿಂದಕ್ಕೆ ತಿರುಗಿಸಿಕೊಂಡು ರಿವರ್ಸಿನಲ್ಲಿ ಬರುತ್ತಿದ್ದಾನೆ, ಹಲ್ಲು ಕಿರಿದುಕೊಂಡು. ಸೇತುವೆಯಿಂದ ಟೀ ಅಂಗಡಿಯವರೆಗೂ ಹಾಗೇ ಬಂದನಂತೆ, ಬೋರ್ಡ್ ಹೇಳಿದ ಹಾಗೆ ಕೇಳಿದ್ದೇನೆ ಅಂದನಂತೆ.

ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ನಾನೂ ನಕ್ಕೆ. ಅಪ್ಪ, ಏನಕ್ಕೆ ಅಂತ ಗೊತ್ತಾಗುವ ಮೊದಲೇ ನಕ್ಕೆ, ಎಲ್ಲರೂ ನಗುತ್ತಿದ್ದಾರಲ್ಲ ಅಂತ. ಆಮೇಲೆ ರೂಮ್‌ಮೇಟನ್ನು ಕೇಳಿದೆ, "ಇದರಲ್ಲಿ ತಪ್ಪೇನಿದೆ?"

"ಹಿಮ್ಮುಖ ಅಂದ್ರೆ ಹಿಂದಕ್ಕೆ ಕಣೇ, ರಿವರ್ಸ್. ಟೂ-ವೇಗೆ ಇಮ್ಮುಖ. ಒಂದು ಮುಖ ಒಮ್ಮುಖ, ಎರಡು ಮುಖ ಇಮ್ಮುಖ. ಇಮ್ಮಡಿ ಅಂತೀವಲ್ಲ, ಆ ಇ. ಬರೆದವನು ಯಾವ ಸ್ಕೂಲಿಗೆ ಹೋಗಿದ್ದನೋ!"

ಬರೆದವನು ಯಾರು ಅಂತ ನನಗೆ ಆಗ ಕಾಣಿಸಿತು. ಆ ಒಂದು ಹಿ ಮಿಕ್ಕ ಅಕ್ಷರಗಳಿಗಿಂತ ಒಂಚೂರು ದೊಡ್ಡದಾಗಿತ್ತು, ಒಂಚೂರು ಚೆಂದವಾಗಿತ್ತು. ಹ ಕಂಡರೆ ಭಯ ಇರುವವರು ಮಾತ್ರ ಹ ಅನ್ನು ಅಷ್ಟು ಜೋಪಾನವಾಗಿ ಬರೆಯುತ್ತಾರೆ.

ಒಬ್ಬಳು ಕೇಳಿದಳು, "ನಿಮ್ಮ ಊರಿನ ಸೇತುವೆ ಅಲ್ವಾ ಇದು?" ನಾನು ಏನು ಹೇಳಿದೆ ಗೊತ್ತಾ? "ಗೊತ್ತಿಲ್ಲಪ್ಪ" ಅಂದೆ. ನಮ್ಮ ಮನೆಯ ಮೆಟ್ಟಿಲು ಫೋಟೋದ ಮೂಲೆಯಲ್ಲಿ ಕಾಣುತ್ತಿದೆ. ಅತ್ತೆ ಒಣಗಲು ಹಾಕಿದ ಹಳದಿ ಬಟ್ಟೆ ಕಾಣುತ್ತಿದೆ. ಗೊತ್ತಿಲ್ಲ ಅಂದೆ.

ಸಾಲ್ಟ್ ಬಾಟಲಿ ಲೇಬಲ್ ಆರು ಸಲ ಓದುವವಳು ನಾನು. ನೀವು ಎಂಟು ವರ್ಷದ ಮೇಲೆ ಒಂದೇ ಒಂದು ಅಕ್ಷರ ಕೇಳಿದಿರಿ. ಮೆಸ್ಸಿನ ಕ್ಯೂನಲ್ಲಿ ನಿಂತು, ಡಿಕ್ಷನರಿಯನ್ನೂ ನೋಡದೆ, ಆಶ್ಚರ್ಯಸೂಚಕ ಹಾಕಿ ಹೇಳಿದೆ. ನಿಮ್ಮ ಕಿವಿ ಸರಿಯಾಗೇ ಕೇಳಿಸಿಕೊಂಡಿತ್ತು. ಅಪ್ಪ ಇ ಅಂದರೆ ಅಲ್ಲೊಂದು ಹ ಬಿಟ್ಟಿರಲೇಬೇಕು ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಹತ್ತು ವರ್ಷದವಳಾಗಿದ್ದಾಗ ಮಾಡಿದ್ದನ್ನೇ ಮತ್ತೆ ಮಾಡಿದೆ, ಈ ಸಲ ಊರಿಗೆಲ್ಲ ಕಾಣುವ ಹಾಗೆ.

ಯಾಕೆ ಹೇಳಲಿಲ್ಲ? "ನನ್ನ ಮಗಳು ಹೇಳಿದಳು" ಅಂತ ಒಂದು ಮಾತು ಆಫೀಸಿನಲ್ಲಿ ಅಂದಿದ್ದರೆ ಏಣಿ ನಿಮ್ಮ ಹತ್ತಿರವೇ ಇರುತ್ತಿತ್ತು. ಅತ್ತೆಯ ಬಾಯಿಯನ್ನೂ ಮುಚ್ಚಿಸಿದ್ದೀರಿ. ಗೋಣಿಚೀಲ ಧೂಳಿಗಂತೆ!

ಇದರ ಜೊತೆ ಎಂಜಿನಿಯರ್‌ಗೆ ಒಂದು ಕಾಗದ ಇಟ್ಟಿದ್ದೇನೆ. ದಯವಿಟ್ಟು ಕೊಡಿ. ಡಿಕ್ಷನರಿ ನೋಡಿ ಬರೆದಿದ್ದೇನೆ.

ನಿಮ್ಮ ಮಗಳು

*

(ಜೊತೆಗಿದ್ದ ಕಾಗದ)

ಮಾನ್ಯ ಎಂಜಿನಿಯರ್ ಅವರಿಗೆ,

ನಾನು ತಮ್ಮ ವಿಭಾಗದ ಗೆರೆ ಮೇಸ್ತ್ರಿಯವರ ಮಗಳು, ಫಾರ್ಮಸಿ ಮೊದಲ ವರ್ಷದ ವಿದ್ಯಾರ್ಥಿನಿ. ಸೇತುವೆ ರಸ್ತೆಯ ಬೋರ್ಡಿನಲ್ಲಿ "ಇಮ್ಮುಖ" ಎಂಬುದು "ಹಿಮ್ಮುಖ" ಆಗಿರುವುದು ನನ್ನಿಂದ. ಅಪ್ಪನವರು ಇ ಎಂದೇ ಕೇಳಿಸಿಕೊಂಡಿದ್ದರು. ತಪ್ಪಾಗಬಾರದು ಎಂದು ನನಗೆ ಬರೆದು ಕೇಳಿದರು. ನಾನು ಗೊತ್ತಿಲ್ಲದಿದ್ದರೂ ಗೊತ್ತು ಎಂದು ಬರೆದೆ. ಅವರು ನನ್ನನ್ನು ನಂಬಿದ್ದು ಬಿಟ್ಟರೆ ಬೇರೆ ತಪ್ಪು ಮಾಡಿಲ್ಲ. ನಗುವವರು ನನ್ನನ್ನು ನೋಡಿ ನಗಲಿ. ಅವರ ಬೋರ್ಡ್ ಕೆಲಸ ಅವರಿಗೇ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಮೇಸ್ತ್ರಿಯವರ ಮಗಳು

*

ಸೆಪ್ಟೆಂಬರ್ 28

ಪುಟ್ಟಿ,

ಈಗ ಬಾಯಿ ಬಿಡಬಹುದಲ್ಲ, ಎಲ್ಲಾ ಹೇಳ್ತೀನಿ.

ನಿನ್ನ ಕಾಗದ ಓದಿ ನಿಮ್ಮಪ್ಪ ಆ ಎಂಜಿನಿಯರ್ ಲಕೋಟೆನ ಅಂಗಿ ಜೇಬಿಗೆ ಹಾಕ್ಕೊಂಡ. "ಇದು ಎಲ್ಲೂ ಹೋಗಲ್ಲ" ಅಂದ. ಆಯ್ತಪ್ಪ ಅಂದೆ. ಮಾರನೇ ದಿನ ಅಂಗಿ ಒಗೆಯೋಕೆ ಬಿತ್ತು. ಟೈಲರ್ ಕೈಗೆ ಜೇಬು ಸಿಗೋದು ಕಷ್ಟವಾ?

ಅಂಗಡಿ ಬಾಗಿಲು ಹಾಕಿ ನೇರ ಆಫೀಸಿಗೆ ಹೋದೆ. ಆ ಎಂಜಿನಿಯರ್ ಏನೂ ದೊಡ್ಡ ವಯಸ್ಸಿನವರಲ್ಲ, ಅಂಗಿ ಕಾಲರ್ ಸರಿಯಾಗಿ ಕೂತಿರಲಿಲ್ಲ, ನನಗೆ ಅದೇ ಕಣ್ಣಿಗೆ ಹೊಡೀತಿತ್ತು. ಎರಡು ಸಲ ಓದಿದರು.

"ಮೇಸ್ತ್ರಿ ನನಗ್ಯಾಕಮ್ಮ ಇದನ್ನ ಹೇಳಲಿಲ್ಲ? ಅಷ್ಟು ಬೈದೆ, ನೆಲ ನೋಡ್ಕೊಂಡು ನಿಂತಿದ್ರು."

"ಹೇಳಿದ್ರೆ ಮಗು ಹೆಸರು ಬರುತ್ತಲ್ಲ ಸಾರ್."

ಅವರು ಕಾಗದ ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. "ಚೀಟಿ ಕೊಡದೆ ಫೋನಲ್ಲಿ ಹೇಳಿದ್ದು ನಾನು. ಬರೆದ ಮೇಲೆ ನೋಡದೆ ಸಹಿ ಹಾಕಿದ್ದೂ ನಾನು. ಅದನ್ನ ಯಾರೂ ಪೇಪರಲ್ಲಿ ಹಾಕಲಿಲ್ಲ" ಅಂದರು. ಆಮೇಲೆ, "ಬೋರ್ಡ್ ಸರಿ ಮಾಡೋಕೆ ಬೇರೆಯವರನ್ನ ಕರೆಸೋಣ ಅಂತಿದ್ದೆ. ಮೇಸ್ತ್ರಿಗೇ ಹೇಳಿ, ಭಾನುವಾರ ಬೆಳಿಗ್ಗೆ ಏಣಿ ಕಳಿಸ್ತೀನಿ. ಚೀಟೀನೂ ಕಳಿಸ್ತೀನಿ."

ಹೊರಡೋವಾಗ ಕಾಲರ್ ಸರಿ ಮಾಡಿಸ್ಕೊಳ್ಳೋಕೆ ಅಂಗಡಿಗೆ ಬನ್ನಿ ಅಂತ ಹೇಳಿ ಬಂದೆ.

ಮನೆಗೆ ಬಂದು ಹೇಳಿದರೆ ನಿಮ್ಮಪ್ಪ ನನ್ನ ಜೊತೆ ಮಾತು ಬಿಟ್ಟ. ಎರಡು ದಿನ. "ಅದನ್ನ ಬರೆಯೋವಾಗ ಆ ಮಗು ಎಷ್ಟು ಅತ್ತಿರುತ್ತೆ, ನೀನು ಅದನ್ನ ಆಫೀಸಲ್ಲಿ ಬಿಚ್ಚಿ ತೋರಿಸಿದೆ" ಅಂದಿದ್ದೇ ಕೊನೆ. ಮೂರನೇ ದಿನ ನಾನು ಅಂಗಡಿಯಲ್ಲಿ ಗುಂಡಿ ಹಚ್ಚುತ್ತಾ ಕೂತಿದ್ದೆ. ಬಂದು ಬಾಗಿಲಲ್ಲಿ ನಿಂತ. ಆಮೇಲೆ ಕೇಳಿದ.

"ನಿನ್ನ ಹತ್ರ ಪೆನ್ನಿದೆಯಾ?"

ಇಷ್ಟೇ ಹೇಳ್ತೀನಿ. ಮುಂದಿಂದು ನನಗೆ ಗೊತ್ತಿಲ್ಲ, ನಾನು ಇಣುಕಿಲ್ಲ. ಮೂರು ಹಾಳೆ ಹರಿದ ಸದ್ದು ಮಾತ್ರ ಕೇಳಿಸ್ತು.

ಅತ್ತೆ

*

ಅಕ್ಟೋಬರ್ 7

ಪುಟ್ಟಿ,

ನಿನ್ನ ಕಾಗದ ಅತ್ತು ಸಲ ಓದಿದೆ.

ಬೋರ್ಡು ಆರೂ ಸರಿ ಮಾಡಿದೆ. ಭಾನುವಾರ ಬೆಳಿಗ್ಗೆ ಏಣಿ ಆಕಿ ನಿಂತೆ. ಹಿ ಮೇಲೆ ನೀಲಿ ಬಳಿದೆ. ಒಣಗಿದ ಮೇಲೆ ಇ ಬರೆದೆ. ಒಂದೇ ಅಕ್ಷರದ ಕೆಲಸ. ಕೆಳಗಿಂದ ನೋಡಿದರೆ ಇ ಕಾಣುತ್ತೆ. ಬಿಸಿಲು ಓರೆಯಾಗಿ ಬಿದ್ದರೆ ಒಳಗಿರೋ ಹಿ ಕೂಡ ಕಾಣುತ್ತೆ. ಇನ್ನೊಂದು ಕೋಟ್ ಕೊಡಬೇಕಿತ್ತು. ಕೊಡಲಿಲ್ಲ. ಇರಲಿ ಅಂತ.

ಮೊದಲು ಸೀಮೆಸುಣ್ಣದಲ್ಲಿ ನಾನು ಇ ಅಂತಲೇ ಬರೆದಿದ್ದೆ. ನಿನ್ನ ಕಾಗದ ಬಂತು. ಒರೆಸಿ ಹಿ ಮಾಡಿದೆ. ಅವತ್ತು ಸಂತೋಷ ಆಗಿತ್ತು. ನನ್ನ ಮಗಳು ಏಳಿದ್ದು ಸೇತುವೆ ಮೇಲೆ ಊರಿಗೆಲ್ಲ ಕಾಣುತ್ತೆ ಅಂತ. ತಪ್ಪು ಅಂತ ಗೊತ್ತಾದ ಮೇಲೂ ಆ ಸಂತೋಷ ಪೂರಾ ಓಗಲಿಲ್ಲ.

ಬೈದರು. ಬೈಯಲಿ. ನಿನ್ನ ಎಸರು ಅದರಲ್ಲಿ ಬೇಡ ಅಂತ ಸುಮ್ಮನಿದ್ದೆ. ನಿನ್ನ ಅತ್ತೆ ಕೇಳಲಿಲ್ಲ.

ಕೆಂಪು ಪೆನ್ನಿನ ಕಾಗದದ ಮಾತು. ನನಗೆ ಬೇಜಾರಾಗಿ ಬರೆಯೋದು ಬಿಟ್ಟಿದ್ದಲ್ಲ. ಎಲ್ಲರೂ ನಕ್ಕರು ಅಂತ ಬರೆದಿದ್ದೆಯಲ್ಲ. ಮತ್ತೆ ಬರೆದರೆ ಆ ಉಡುಗೀರು ಮತ್ತೆ ನಗುತ್ತಾರೆ, ನಿನಗೆ ಅಲ್ಲಿ ಇರೋಕೆ ಕಷ್ಟ ಆಗುತ್ತೆ ಅಂತ ಬಿಟ್ಟೆ. ಮೂರು ಮಾರ್ಕ್ಸು ಬಂದಿದ್ದಕ್ಕೆ ನಾನು ಖುಷಿಯಾಗೇ ಇದ್ದೆ. ಮೂರಾದರೂ ಸರಿ ಇತ್ತಲ್ಲ ಅಂತ.

ರಸ್ತೆ ಚೆನ್ನಾಗಿದೆ. ಬಾಗಿಲಲ್ಲಿ ನಿಂತರೆ ಸೇತುವೆ ಕಡೆಯಿಂದ ಬರೋ ಆಟೋ ನೇರ ಇಲ್ಲಿಗೇ ಬರುತ್ತೆ. ಪ್ರತಿ ಆಟೋ ನೋಡ್ತೀನಿ. ಕೆಲಸ ಇಲ್ಲದವನ ಥರ.

ಆಲು ಕುಡಿ. ಉಷಾರು.

ಹ ಎಲ್ಲೆಲ್ಲಿ ಬರುತ್ತೋ ನನಗೆ ಈಗಲೂ ತಿಳಿಯೋಲ್ಲ. ಕೆಳಗೆ ಒಂದಿಷ್ಟು ಬರೆದಿಟ್ಟಿದೀನಿ. ಬೇಕಾದ ಕಡೆ ನೀನೇ ಜೋಡಿಸ್ಕೊ.

ಹ ಹ ಹ ಹ ಹ ಹ ಹ ಹ ಹ ಹ

ಅಪ್ಪ

*

ಅಕ್ಟೋಬರ್ 13
ಹಾಸ್ಟೆಲ್, ಎರಡನೇ ಮಹಡಿ

ಅಪ್ಪ,

"ನಿಮ್ಮ ಕಾಗದ ತಲುಪಿತು" ಅಂತ ಶುರು ಮಾಡಿದೆ. ಆ ಹಾಳೆ ಹರಿದೆ. ನಿನ್ನ ಕಾಗದ ಬಂತು.

ವಾರ್ಡನ್ ಮೇಡಂ ಕೈಗೆ ಕೊಟ್ಟಾಗ ಲಕೋಟೆ ಮೇಲಿನ ಅಕ್ಷರ ನೋಡಿ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಲಕೋಟೆ ಮೇಲೆ ಅಳತೆ ಪಟ್ಟಿ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು ಅಡ್ರೆಸ್ ಬರೆದಿದ್ದೀಯ. ಬೋರ್ಡಿಗೆ ಬರೆಯುವ ಹಾಗೆ. ರೂಮ್‌ಮೇಟ್ ಹೆಗಲ ಮೇಲಿಂದ ಇಣುಕಿ, ಕೊನೆಯ ಸಾಲು ಮಾತ್ರ ನೋಡಿ, "ನಿಮ್ಮಪ್ಪ ಯಾಕೆ ಅಷ್ಟು ನಗ್ತಿದಾರೆ?" ಅಂದಳು. ಹ ಹ ಹ ಹ ಅಂತ ಗಟ್ಟಿಯಾಗಿ ಓದಿದೆ. ಹೌದಲ್ಲ, ನೀನು ನಗುತ್ತಿದ್ದೀಯ. ಆಮೇಲೆ ನಾವಿಬ್ಬರೂ ನಕ್ಕಿದ್ದಕ್ಕೆ ಪಕ್ಕದ ರೂಮಿನವರು ಗೋಡೆ ಗುದ್ದಿದರು.

ಅವಳಿಗೆ ಎಲ್ಲ ಹೇಳಿದೆ. ಆಮೇಲೆ ಕಾಮನ್ ರೂಮಿಗೆ ಹೋಗಿ ಆ ಫೋಟೋದ ಕೆಳಗೆ ಪೆನ್ನಿನಲ್ಲಿ ಬರೆದೆ: "ಬರೆದದ್ದು ನಮ್ಮಪ್ಪ. ಹ ಕೊಟ್ಟದ್ದು ನಾನು." ಸಂಜೆ ಹೊತ್ತಿಗೆ ಯಾರೋ ಫೋಟೋ ತೆಗೆದಿದ್ದರು. ಅದನ್ನು ಅಂಟಿಸಿದ ಸೀನಿಯರೇ ಮೆಸ್ಸಿನಲ್ಲಿ ನನ್ನ ಪಕ್ಕ ಬಂದು ಕೂತಳು. ಸಾರಿ ಕೇಳುತ್ತಾಳೇನೋ ಅಂದುಕೊಂಡೆ. "ನಿಮ್ಮಪ್ಪನ ಅಕ್ಷರ ಸಖತ್ತಾಗಿದೆ, ನಮ್ಮ ಕಾಲೇಜ್ ಡೇ ಬ್ಯಾನರ್ ಬರೆದುಕೊಡ್ತಾರಾ?" ಅಂದಳು. ಚೀಟಿ ಕೊಟ್ಟರೆ ಬರೀತಾರೆ, ಚೀಟಿ ನಾನು ಬರೆಯಲ್ಲ ಅಂದೆ.

ನೀನು ಕಳಿಸಿದ ಹತ್ತು ಹ ಲೆಕ್ಕ ಹಾಕಿದೆ. ಏಣಿಗೆ ಒಂದು ಹಾಕಿದೆ. ನಾನು ಹೇಳಿದ್ದಕ್ಕೆ ಒಂದು, ಪೂರಾ ಹೋಗದ ಸಂತೋಷಕ್ಕೆ ಒಂದು, ನನ್ನ ಹೆಸರಿಗೆ ಒಂದು, ಹುಡುಗಿಯರಿಗೆ ಒಂದು. ಹಾಲಿಗೆ, ಹುಷಾರಿಗೆ ಒಂದೊಂದು. ಏಳಾಯಿತು. ಪೆನ್ಸಿಲಿನಲ್ಲಿ ಹಾಕಿದ್ದೇನೆ, ಬೇಕಾದರೆ ಅಳಿಸಬಹುದು. ಮೂರು ಮಿಕ್ಕಿವೆ. ಹತ್ತಕ್ಕೆ ಮೂರು. ನನಗೆ ಬಂದ ಮಾರ್ಕ್ಸು ಅಂತ ಇಟ್ಟುಕೊಂಡಿದ್ದೇನೆ.

ಎಂಟನೆಯದಕ್ಕೆ ಪೆನ್ಸಿಲ್ ಮೇಲೆತ್ತಿ ಹಾಗೇ ಕೂತಿದ್ದೆ. ಮೊಟ್ಟಮೊದಲ ಸಾಲು. "ನಿನ್ನ ಕಾಗದ ಅತ್ತು ಸಲ ಓದಿದೆ." ಅಲ್ಲಿ ಹ ಹಾಕಿ ಹತ್ತು ಮಾಡಬೇಕೋ, ಅತ್ತು ಅಂತ ಹಾಗೇ ಬಿಡಬೇಕೋ ಗೊತ್ತಾಗಲಿಲ್ಲ ಅಪ್ಪ. ಹೋದ ಸಲ ಗೊತ್ತಿಲ್ಲದೆ ಗೊತ್ತು ಅಂದಿದ್ದಕ್ಕೆ ಊರೆಲ್ಲ ಹಿಂದಕ್ಕೆ ನಡೆಯಿತು. ಅದಕ್ಕೆ ಈ ಸಲ ಕೇಳಿಯೇಬಿಡೋಣ ಅಂತ.

ಒಂದನೇ ತಾರೀಕಿಂದ ನಾಲ್ಕು ದಿನ ರಜೆ. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನ ಹನ್ನೆರಡಕ್ಕೆ ಸೇತುವೆ ಹತ್ತಿರ ಇಳಿಯುತ್ತೇನೆ. ಆಟೋದವನಿಗೆ ಮಾರ್ಕೆಟ್ ಕಡೆ ತಿರುಗಿಸಬೇಡಪ್ಪ, ನೇರ ಹೋಗು ಅಂತ ಹೇಳುತ್ತೇನೆ. ನೀನು ಬಾಗಿಲಲ್ಲೇ ನಿಂತಿರು.

ಅಷ್ಟರೊಳಗೆ ಅದೊಂದು ಹೇಳು. ಆ ಮೊದಲ ಸಾಲಿಗೆ ಹ ಬರುತ್ತಾ, ಬರಲ್ವಾ? ಬರೆದೇ ಕಳಿಸು, ಫೋನಲ್ಲಿ ಎರಡೂ ಒಂದೇ ಥರ ಕೇಳುತ್ತೆ. ಬೇಗ ಉತ್ತರ ಬರಿ.

ಪುಟ್ಟಿ